ಕಾಲು ಸುತ್ತು

ಗಂಗೊಳ್ಳಿ ಬಂದರಿನಿಂದ ಉತ್ತರಕ್ಕೆ ಎರಡು ಮೈಲಿ ದೂರದಲ್ಲಿ, ಮರಳು ದಿಬ್ಬದ ಹಿಂದೆ, ಮೂವತ್ತೆರಡು ಉಕ್ಕಿನ ಮನೆಗಳ ಒಂದು ಕೇರಿ ಇತ್ತು. ಅಲ್ಲಿದ್ದವರು ದಡದ ಮೇಲೇ ಬದುಕುತ್ತಿದ್ದರು. ಆದರೆ ಅವರ ಮೈ ಮಾತ್ರ ಹಗಲೂ ರಾತ್ರಿ ತೊಂಬತ್ತು ಮೀಟರ್ ನೀರಿನಡಿಯ ಒತ್ತಡದಲ್ಲಿ ಇರುತ್ತಿತ್ತು.

ಕಡಲಿನ ನಡುವೆ ನಿಂತ ಗಾಳಿಯಂತ್ರಗಳ ಬುಡಕ್ಕೆ ಬೆಸುಗೆ ಹಾಕುವುದು ಆ ಜನರ ಕೆಲಸ. ಅಷ್ಟು ಆಳಕ್ಕೆ ಇಳಿದವನ ರಕ್ತದಲ್ಲಿ, ಕೊಬ್ಬಿನಲ್ಲಿ, ಮೂಳೆಯ ಸಂದಿನಲ್ಲಿ ಅವನು ಉಸಿರಾಡುವ ಅನಿಲ ಕರಗಿ ಕೂರುತ್ತದೆ. ಅದು ಮೆಲ್ಲಗೆ ಹೊರಬರಲು ನಾಲ್ಕೂವರೆ ದಿನ ಬೇಕು. ಆತುರಪಟ್ಟರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ರಕ್ತದಲ್ಲೇ ಗುಳ್ಳೆಗಳೇಳುತ್ತವೆ. ಎರಡು ದಿನ ಒಳಗಿದ್ದವನಿಗೂ ಆರು ತಿಂಗಳು ಒಳಗಿದ್ದವನಿಗೂ ಬೇಕಾದದ್ದು ಅದೇ ನಾಲ್ಕೂವರೆ ದಿನ. ಹಾಗಿದ್ದ ಮೇಲೆ ಮತ್ತೆ ಮತ್ತೆ ಹೊರಗೆ ಬರುವುದೇಕೆ, ಒತ್ತಡದಲ್ಲೇ ಸಂಸಾರ ಹೂಡಿದರಾಯಿತಲ್ಲ ಎಂದು ಕಂಪನಿಯ ಯಾರೋ ಯೋಚಿಸಿದರು. ಗಂಡ, ಹೆಂಡತಿ, ಮಂಚ, ಟಿವಿ ಎಲ್ಲವೂ ಒಂದೇ ಒತ್ತಡದಲ್ಲಿ. ಬೆಳಿಗ್ಗೆ ಮುಚ್ಚಿದ ತೊಟ್ಟಿಲಿನಂಥ ಗೂಡಿನಲ್ಲಿ ಕುಳಿತು ಕಡಲ ತಳಕ್ಕೆ ಹೋಗುವುದು, ಸಂಜೆ ಅದರಲ್ಲೇ ಮನೆಗೆ ಮರಳುವುದು.

ಊರವರು ಅದನ್ನು ಡಬ್ಬಿಕೇರಿ ಎಂದು ಕರೆದರು. ಒಳಗಿನ ಗಾಳಿಯಲ್ಲಿ ಹೀಲಿಯಮ್ಮೇ ಹೆಚ್ಚು. ಹಾಗಾಗಿ ಅಲ್ಲಿಯವರ ಮಾತು ಹಕ್ಕಿಮರಿಯ ಕೂಗಿನಂತಿತ್ತು. ಫೋನಿನಲ್ಲಿ ಅದನ್ನು ಯಂತ್ರ ತಿದ್ದಿ ಮನುಷ್ಯರ ಸ್ವರಕ್ಕೆ ತರುತ್ತಿತ್ತು. ಬೆಂಕಿಕಡ್ಡಿ ಹತ್ತುತ್ತಿರಲಿಲ್ಲ. ನಾಲಿಗೆಗೆ ರುಚಿ ಹತ್ತುತ್ತಿರಲಿಲ್ಲವೆಂದು ಹೆಂಗಸರು ತವರಿಗೆ ಹೇಳಿ ಖಾರದ ಉಪ್ಪಿನಕಾಯಿ ತರಿಸಿಕೊಳ್ಳುತ್ತಿದ್ದರು. ಚಿಪ್ಸ್ ಪೊಟ್ಟಣ ಕಳಿಸಿದರೆ ಚಪ್ಪಟೆಯಾಗಿ ಕೈ ಸೇರುತ್ತಿತ್ತು. ಎರಡು ವರ್ಷದಲ್ಲಿ ಜನ ಇದಕ್ಕೆಲ್ಲ ಒಗ್ಗಿಕೊಂಡರು.

ಕೇರಿಯಿಂದ ಹೊರಬರುವವರಿಗೆಂದು ಬೇರೆಯೇ ಒಂದು ಕೋಣೆ ಇತ್ತು. ಅದರ ಒತ್ತಡವನ್ನು ಇಳಿಸುವ ಕೆಲಸ ಸುಗಂಧಿ ಮೊಗವೀರಳದು. ಮೂವತ್ತನಾಲ್ಕರ ಹೆಂಗಸು, ಪಾಲಿಟೆಕ್ನಿಕ್ ಓದಿದವಳು, ಕೈ ಮೆದು, ಮಾತು ಕಡಿಮೆ. ಅವಳ ಮುಂದಿನ ಗೋಡೆಯಲ್ಲಿ ಪರದೆಗಳು ತುಂಬಿದ್ದವು. ಎಷ್ಟು ಹೊತ್ತಿಗೆ ಎಷ್ಟು ಇಳಿಸಬೇಕೆಂದು ಕಂಪ್ಯೂಟರೇ ಹೇಳುತ್ತಿತ್ತು. ಆದರೆ ಜೀವ ಹೋದರೆ ಉತ್ತರ ಹೇಳಲು ಒಬ್ಬ ಮನುಷ್ಯ ಬೇಕೆಂದು ಕಾನೂನು ಮಾಡಿದ್ದರಿಂದ ಕೊನೆಯ ತಿರುವು ಮಾತ್ರ ಕೈಯಲ್ಲೇ ಆಗಬೇಕಿತ್ತು. ಆ ಕೈ ತಿರುಗಿಸುತ್ತಿದ್ದದ್ದು ಒಂದು ಹಿತ್ತಾಳೆಯ ಹಿಡಿಯನ್ನು. ಅದರ ಕೆಳಗಿದ್ದದ್ದು ಬೆನ್ನೊತ್ತಡದ ರೆಗ್ಯುಲೇಟರು.

ಹೊಸಬರಿಗೆ ಸುಗಂಧಿ ಅದನ್ನು ಕುಕ್ಕರಿನ ಉದಾಹರಣೆ ಕೊಟ್ಟು ಕಲಿಸುತ್ತಿದ್ದಳು. ಕುಕ್ಕರಿನ ತೂಕ ಒಳಗಿನ ಆವಿಯನ್ನು ಅದುಮಿ ಹಿಡಿಯುತ್ತದೆ, ಹೆಚ್ಚಾದದ್ದನ್ನಷ್ಟೇ ಬಿಡುತ್ತದೆ. ಇಲ್ಲಿ ತೂಕದ ಬದಲು ಸ್ಪ್ರಿಂಗು ಇದೆ. ಸ್ಪ್ರಿಂಗನ್ನು ಬಿಗಿ ಮಾಡಿದಷ್ಟೂ ಕೋಣೆಯ ಒತ್ತಡ ಹೆಚ್ಚು ನಿಲ್ಲುತ್ತದೆ. ಸಡಿಲಿಸಿದರೆ ಬಾಯಿ ತೆರೆದು ಗಾಳಿ ಹೊರಗೆ ಹೋಗುತ್ತದೆ. "ಬೆಸುಗೆಯ ಗ್ಯಾಸ್ ರೆಗ್ಯುಲೇಟರಿನ ಅಭ್ಯಾಸ ಇಲ್ಲಿಗೆ ತರಬೇಡಿ," ಎನ್ನುತ್ತಿದ್ದಳು. "ಇದರಲ್ಲಿ ಸಡಿಲ ಮಾಡಿದ್ರೆ ಮುಚ್ಚುವುದಿಲ್ಲ, ತೆರೆಯುತ್ತದೆ." ಒಂದು ಸಲಕ್ಕೆ ಕೂದಲೆಳೆಯಷ್ಟೇ ತಿರುವು. ಒತ್ತಡದ ಮಾಪಕದ ಮುಳ್ಳು ನಿಲ್ಲುವವರೆಗೆ ಕಾಯಬೇಕು. ಒಬ್ಬರು ತಿರುಗಿಸುವಾಗ ಇನ್ನೊಬ್ಬರು ಮುಳ್ಳು ಓದಬೇಕು. ಒಬ್ಬರೇ ಇದ್ದಾಗ ಹಿಡಿ ಮುಟ್ಟಲೇಬಾರದು.

ಸುಗಂಧಿಯ ತಂಗಿ ಪ್ರಮೀಳಾ ಗಂಡ ಉದಯನ ಜೊತೆ ಡಬ್ಬಿಕೇರಿಯ ಹತ್ತೊಂಬತ್ತನೆಯ ಮನೆಯಲ್ಲಿದ್ದಳು. ಬಸುರಿಯರು ಒಳಗಿರುವಂತಿಲ್ಲ ಎಂಬುದು ಅಲ್ಲಿಯ ಮೊದಲ ನಿಯಮ. ಜನವರಿಯ ಒಂದು ಬೆಳಿಗ್ಗೆ ಪ್ರಮೀಳಾ ಅಕ್ಕನಿಗೆ ಫೋನು ಮಾಡಿ, ತನಗೆ ಎರಡು ತಿಂಗಳು ದಾಟಿದೆ ಎಂದಳು.

"ಅಕ್ಕ, ಯಾರಿಗೂ ಹೇಳ್ಬೇಡ. ಇವ್ರ್ ಪಾಳಿ ಮುಗಿಯುಕ್ ಇನ್ನ್ ಹತ್ತೇ ದಿನ. ಇಬ್ರೂ ಒಟ್ಟಿಗೆ ಹೊರಗ್ ಬತ್ತೊ."

"ಈಗ್ಲೇ ಹೇಳ್ ಪಮ್ಮಿ. ಡಾಕ್ಟ್ರಿಗಾರೂ ಹೇಳ್."

"ಹೇಳ್ರೆ ನನ್ನೊಬ್ಳನ್ನೇ ಕಳಿಸ್ತ್ರ್. ನಾಲ್ಕೂವರೆ ದಿನ ಆ ಕೋಣೆಯಂಗೆ ಒಬ್ಳೇ ಕೂಕಂಬುಕ್ ನಂಗ್ ಹೆದ್ರಿಕೆ. ನಿನ್ ದಮ್ಮಯ್ಯ, ಹತ್ತ್ ದಿನ."

ಸುಗಂಧಿ ಒಪ್ಪಿದಳು. ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೀನು ಹೆಚ್ಚುತ್ತಾ ಬೆರಳು ಕೊಯ್ದುಕೊಂಡಳು. ಕೆಲಸದಲ್ಲಿ ಹತ್ತೊಂಬತ್ತನೆಯ ಮನೆಯ ಗಾಳಿಯ ಅಂಕಿಗಳನ್ನು ಕಾರಣವಿಲ್ಲದೆ ನೋಡುತ್ತಿದ್ದಳು.

ಏಳನೆಯ ದಿನ, ಸೋಮವಾರ, ಬೆಳಗಿನ ಚಹಾದ ಹೊತ್ತಿಗೆ ಪ್ರಮೀಳಾಗೆ ರಕ್ತ ಹೋಗಲು ಶುರುವಾಯಿತು.

ಅರ್ಧ ಗಂಟೆಯಲ್ಲಿ ನಿಯಂತ್ರಣ ಕೋಣೆಯಲ್ಲಿ ಜನ ಸೇರಿದರು. ಪಾಳಿಯ ಮುಖ್ಯಸ್ಥ ಶಾನಭಾಗರು, ಮ್ಯಾನೇಜರು, ಸುಗಂಧಿಯ ಜೊತೆಗಾರ ಅಲೋಶಿಯಸ್, ಊರಿನ ಆಸ್ಪತ್ರೆಯಿಂದ ಓಡಿ ಬಂದ ಹೆರಿಗೆ ಡಾಕ್ಟರು ನಫೀಸಾ. ನಲವತ್ತೈದರ ನಫೀಸಾ ಮೇಡಂ ಇನ್ನೂ ಏದುಸಿರು ಬಿಡುತ್ತಿದ್ದರು.

"ಎಷ್ಟು ಬೇಗ ಹೊರಗೆ ತರ್ಲಿಕ್ಕಾಗ್ತದೆ?" ಎಂದು ಅವರು ಕೇಳಿದರು.

"ಶುಕ್ರವಾರ ಸಂಜೆ," ಎಂದಳು ಸುಗಂಧಿ.

"ನಾನು ಕೇಳಿದ್ದು ಆಸ್ಪತ್ರೆಗೆ."

"ನಾನು ಹೇಳಿದ್ದೂ ಅದೇ ಡಾಕ್ಟ್ರೇ. ಅದಕ್ಕಿಂತ ಬೇಗ ತಂದರೆ ನಿಮ್ಮ ಕೈಗೆ ಹೆಣ ಸಿಗುತ್ತದೆ."

ತುರ್ತು ವೇಳಾಪಟ್ಟಿಯೆಂದು ಒಂದಿದೆಯಲ್ಲ, ಮೂರು ದಿನದಲ್ಲಿ ಆಗುತ್ತದಲ್ಲ ಎಂದು ಮ್ಯಾನೇಜರು ಗೊಣಗಿದರು. ಅದು ಬಸುರಿಯ ಮೇಲೆ ಪ್ರಯೋಗವಾಗಿದ್ದಲ್ಲ ಎಂದು ಶಾನಭಾಗರು ತಲೆಯಲ್ಲಾಡಿಸಿದರು. ನಫೀಸಾ ಗಾಜಿನಾಚೆಯ ಉಕ್ಕಿನ ಬಾಗಿಲನ್ನು ನೋಡಿದರು.

"ನಾನು ಒಳಗೆ ಹೋಗುವುದಾದರೆ?"

"ಒಳಗೆ ಹೋಗಲು ಎರಡು ಗಂಟೆ ಸಾಕು," ಎಂದಳು ಸುಗಂಧಿ. "ಹೊರಬರಲು ನಿಮಗೂ ಅಷ್ಟೇ ದಿನ."

ನಫೀಸಾ ಮನೆಗೆ ಫೋನು ಮಾಡಿದರು. ಮಗಳಿಗೆ ಪರೀಕ್ಷೆಯಿತ್ತು, ಹಾಲ್ ಟಿಕೆಟ್ ಎಲ್ಲಿದೆ, ಶುಕ್ರವಾರದವರೆಗೆ ಊಟಕ್ಕೆ ಯಾರ ಮನೆಗೆ ಹೋಗಬೇಕು ಎಂದಷ್ಟೇ ಹೇಳಿ ಇಟ್ಟರು. ಕೈಗಡಿಯಾರ ಬಿಚ್ಚಿ, ಅವರ ಕಿವಿ, ಎದೆ ಎಲ್ಲ ಪರೀಕ್ಷೆಯಾಗಿ, ಹತ್ತು ಗಂಟೆಗೆ ಒಳಗೆ ಹೋದರು. ಪ್ರಮೀಳಾಳನ್ನೂ ಉದಯನನ್ನೂ ಹೊರಬರುವ ಕೋಣೆಗೆ ತಂದರು. ಮೂವರನ್ನೂ ಒಳಗಿಟ್ಟು ಬಾಗಿಲು ಹಾಕಿದಾಗ ಮಾಪಕದ ಮುಳ್ಳು ತೊಂಬತ್ತು ಮೀಟರಿನಲ್ಲಿತ್ತು. ಸುಗಂಧಿ ಹಿಡಿಯನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಮುಳ್ಳು ತೊಂಬತ್ತನ್ನು ಬಿಟ್ಟು ಸರಿಯಿತು.

ಮಗು ಉಳಿಯಲಿಲ್ಲ. ಅದು ಸೋಮವಾರ ಸಂಜೆಯೇ ತಿಳಿಯಿತು. ಇನ್ನು ತಾಯಿಯನ್ನು ಉಳಿಸಿಕೊಳ್ಳುವುದು ಎಂದು ನಫೀಸಾ ಯಂತ್ರ ತಿದ್ದಿದ ಸ್ವರದಲ್ಲಿ ಹೇಳಿದರು. ಔಷಧಿಯನ್ನೂ ರಕ್ತವನ್ನೂ ಗೋಡೆಯಲ್ಲಿದ್ದ ಚಿಕ್ಕ ಜೋಡಿಬಾಗಿಲ ಗೂಡಿನ ಮೂಲಕ ಕಳಿಸುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಸ್ನಾನಕ್ಕೆಂದು ಸುಗಂಧಿ ಮನೆಗೆ ಬಂದಾಗ ತಾಯಿ ಸೀತು ಅಂಗಳದಲ್ಲೇ ನಿಂತಿದ್ದಳು. ಮಕ್ಕಳಿಬ್ಬರೂ ಅವಳನ್ನು ಅಬ್ಬಿ ಎನ್ನುತ್ತಿದ್ದರು. ಮೂವತ್ತು ವರ್ಷ ತಲೆಯ ಮೇಲೆ ಮೀನು ಹೊತ್ತು ಮಾರಿದ ಹೆಂಗಸು. ಅಂದು ಬರಿಗೈಯಲ್ಲಿ ನಿಂತವಳಿಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

"ಹೆಣೆ, ಅದ್ ನಿನ್ ಕೈಯಂಗೇ ಅಲ್ದಾ ಇಪ್ಪುದ್? ಚೂರ್ ಬೇಗ ತಿರ್ಗ್ಸುಕ್ ಆತಿಲ್ಯಾ?"

"ಆತಿಲ್ಲೆ ಅಬ್ಬಿ. ಕುಕ್ಕರ್ ಬಿಸಿ ಇಪ್ಪತ್ತಿಗೇ ತೂಕ ಎತ್ರೆ ಎಂತ ಆತ್ತ್ ಹೇಳ್? ಗಂಜಿ ಉಕ್ಕಿ ಮೇಲೆ ಬತ್ತಲ್ದಾ? ಅವ್ಳ್ ರಕ್ತ ಹಂಗೆ ಉಕ್ಕತ್ತ್."

"ರಕ್ತ ಈಗ್ಲೇ ಹೋತಾ ಇತ್ತಲೆ."

ಸುಗಂಧಿ ತಟ್ಟೆಯ ಮುಂದೆ ಕುಳಿತು ಎರಡು ತುತ್ತು ತಿಂದು ಎದ್ದಳು. ಅಬ್ಬಿ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದಳು.

"ನಿಂಗ್ ಮುಂಚೆ ಗೊತ್ತಿತ್ತಾ?"

"ಗೊತ್ತಿತ್ತ್."

ಅಬ್ಬಿ ಬೈಯಲಿಲ್ಲ. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಬಸ್ಸಿಗೆ ಹೊತ್ತಾಗಿತ್ತು. ಸುಗಂಧಿ ಚಪ್ಪಲಿಯನ್ನು ಸರಿಯಾಗಿ ಮೆಟ್ಟದೆಯೇ ಓಡಿದಳು.

ಮಧ್ಯಾಹ್ನ ಮೂರೂವರೆಗೆ ಮುಳ್ಳು ಅರುವತ್ತೈದಕ್ಕೆ ಬಂದಿತ್ತು. ಪರದೆಯಲ್ಲಿ ಕೋಣೆಯ ಒಳಗಿನ ಚಿತ್ರ ಕಾಣುತ್ತಿತ್ತು. ಪ್ರಮೀಳಾ ಮಂಚದ ಮೇಲೆ, ಉದಯ ಅವಳ ತಲೆಯ ಬಳಿ, ನಫೀಸಾ ಕಾಲಿನ ಬಳಿ. ನಫೀಸಾ ತಟ್ಟನೆ ಎದ್ದರು.

"ಮತ್ತೆ ಶುರುವಾಯ್ತು. ಜಾಸ್ತಿ ಉಂಟು. ಇನ್ನೆರಡು ಬಾಟಲಿ ರಕ್ತ ಕಳ್ಸಿ, ಬೇಗ."

ಅಲೋಶಿಯಸ್ ಮುಳ್ಳು ಓದುವ ಕುರ್ಚಿಯಿಂದ ಎದ್ದ. "ಹಿಡಿ ಮುಟ್ಟಬೇಡ ಸುಗಂಧಿ, ಈಗ ಬಂದೆ," ಎಂದು ರಕ್ತದ ಪೆಟ್ಟಿಗೆ ಎತ್ತಿಕೊಂಡು ಹೋದ.

ಪರದೆಯಲ್ಲಿ ತಂಗಿಯ ಕೈ ಮಂಚದಿಂದ ಕೆಳಗೆ ಜಾರಿತು. ಉದಯ ಅದನ್ನು ಎತ್ತಿ ಮೇಲಿಟ್ಟ. ಅದು ಮತ್ತೆ ಜಾರಿತು.

ಆ ಹೊತ್ತಿನಲ್ಲಿ ಸುಗಂಧಿ ಏನು ಯೋಚಿಸಿದಳೆಂದು ಆಮೇಲೆ ಎಷ್ಟೋ ಜನ ಕೇಳಿದರು. ಅವಳು ಯೋಚಿಸಿರಲಿಲ್ಲ. ಹಿಡಿಯನ್ನು ಕಾಲು ಸುತ್ತು ಸಡಿಲಿಸಿದ್ದಳು.

ಗಾಳಿ ಕೊಳವೆಯಲ್ಲಿ ಭೋರ್ಗರೆಯಿತು. ಆ ಸದ್ದಿಗೇ ಅವಳಿಗೆ ಎಚ್ಚರವಾದದ್ದು. ಅರುವತ್ತನಾಲ್ಕು, ಅರುವತ್ತಮೂರು. ಕೂಡಲೇ ಹಿಡಿಯನ್ನು ತಿರುಗಿಸಿ ಬಿಗಿ ಮಾಡಿದಳು. ಮುಳ್ಳು ನಿಲ್ಲಲಿಲ್ಲ. ಇನ್ನೂ ಬಿಗಿ ಮಾಡಿದಳು. ಅರುವತ್ತೊಂದು. ಗಾಳಿಯ ರಭಸಕ್ಕೆ ಕೊಳವೆಯೊಳಗಿನ ಪುಡಿ ಎದ್ದು ಬಂದು ರೆಗ್ಯುಲೇಟರಿನ ಬಾಯಲ್ಲಿ ಸಿಕ್ಕಿಕೊಂಡಿತ್ತು. ಸ್ಪ್ರಿಂಗು ಎಷ್ಟೇ ಅದುಮಿದರೂ ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಒತ್ತಡ ಒಮ್ಮೆಲೇ ಬಿದ್ದು ಕೋಣೆಯ ಗಾಳಿ ತಣ್ಣಗಾಗಿ ಒಳಗೆಲ್ಲ ಮಂಜು ಕವಿಯಿತು. ಪರದೆ ಬೆಳ್ಳಗಾಯಿತು. ಮೂವರಲ್ಲಿ ಯಾರೂ ಕಾಣಲಿಲ್ಲ.

ಆಗ ಅವಳ ಕೈ ತಾನು ನೂರು ಜನರಿಗೆ ಕಲಿಸಿದ್ದನ್ನು ಮಾಡತೊಡಗಿತು. ರೆಗ್ಯುಲೇಟರಿನ ಹಿಂದೆ ಕೊಳವೆಯನ್ನು ಮುಚ್ಚುವ ಅಡ್ಡತಿರುಪನ್ನು ಹಾಕಿ ಆ ದಾರಿಯನ್ನೇ ಮುಚ್ಚಿದಳು. ಭೋರ್ಗರೆತ ನಿಂತಿತು. ಮುಳ್ಳು ಐವತ್ತೆಂಟರಲ್ಲಿ ನಿಂತಿತು. ಪಕ್ಕದಲ್ಲಿ, ಒಂದು ಕೆಟ್ಟರೆ ಬಳಸಲೆಂದು, ಅದರ ಜೋಡಿ ರೆಗ್ಯುಲೇಟರು ಇತ್ತು. ಅದರ ಅಡ್ಡತಿರುಪಿಗೆ ಕೈ ಹಾಕಿದವಳು ತಡೆದಳು. ಜೋಡಿಯ ಸ್ಪ್ರಿಂಗು ಸಡಿಲವಾಗಿದ್ದರೆ, ದಾರಿ ತೆರೆದ ಗಳಿಗೆಯಲ್ಲಿ ಕೋಣೆಯೇ ಬರಿದಾಗುತ್ತಿತ್ತು. ಮೊದಲು ಜೋಡಿಯ ಹಿಡಿಯನ್ನು ಕೊನೆಯವರೆಗೆ ಬಿಗಿ ಮಾಡಿದಳು. ಮೂರೂವರೆ ಸುತ್ತು ಒಳಗೆ ಹೋಯಿತು. ಯಾರೋ ಅದನ್ನು ಪೂರಾ ಸಡಿಲಬಿಟ್ಟೇ ಹೋಗಿದ್ದರು. ಆಮೇಲೆ ದಾರಿ ತೆರೆದಳು. ಸದ್ದಿಲ್ಲ. ಮುಳ್ಳು ಅಲುಗಲಿಲ್ಲ.

ಅಲೋಶಿಯಸ್ ಓಡಿ ಬಂದು ಬಾಗಿಲಲ್ಲೇ ನಿಂತ. ಮುಳ್ಳು ನೋಡಿದ, ಅವಳ ಮುಖ ನೋಡಿದ.

"ನಾನು," ಎಂದಳು ಸುಗಂಧಿ. "ಶಾನಭಾಗ ಸರ್‌ನ ಕರಿ."

ಮಂಜು ಕರಗಿದಾಗ ಮೂವರೂ ಇದ್ದರು. ಒತ್ತಡ ಬಿದ್ದದ್ದರಿಂದ ಪ್ರಮೀಳಾಗೆ ಏನೂ ಆಗಿರಲಿಲ್ಲ, ಉದಯನಿಗೂ ಇಲ್ಲ. ಇಪ್ಪತ್ತು ನಿಮಿಷ ಕಳೆದ ಮೇಲೆ ನಫೀಸಾರ ಬಲ ಭುಜದಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಅವರು ಹೇಳಲಿಲ್ಲ. ಪ್ರಮೀಳಾಳ ಹೊಟ್ಟೆಯನ್ನು ಅದುಮಿ ಹಿಡಿದಿದ್ದ ಕೈಯನ್ನು ಬದಲಾಯಿಸಿ ಎಡಗೈ ಇಟ್ಟರು. ಅದನ್ನು ಪರದೆಯಲ್ಲಿ ಕಂಡ ಶಾನಭಾಗರೇ ಕೇಳಿದರು.

"ಡಾಕ್ಟ್ರೇ, ಕೈಗೆ ಏನಾಯಿತು?"

"ಭುಜದೊಳಗೆ ಸೂಜಿ ಹಾಕಿ ತಿರುಗಿಸಿದ ಹಾಗೆ ಆಗ್ತಾ ಉಂಟು. ಎಂಥದು ಇದು?"

"ಗುಳ್ಳೆ," ಎಂದರು ಶಾನಭಾಗರು. "ಒತ್ತಡ ಮತ್ತೆ ಏರಿಸುತ್ತೇವೆ. ಹೆದರಬೇಡಿ."

"ಹೆದರ್ಲಿಕ್ಕೆ ಪುರುಸೊತ್ತಿಲ್ಲ. ಇಲ್ಲಿ ರಕ್ತ ನಿಲ್ತಾ ಉಂಟು, ಈಗ ಕೈ ತೆಗಿಲಿಕ್ಕಾಗುದಿಲ್ಲ."

ಕೋಣೆಯನ್ನು ಪುನಃ ಎಪ್ಪತ್ತು ಮೀಟರಿಗೆ ಏರಿಸಿದರು. ಅಲ್ಲೇ ಹತ್ತು ಗಂಟೆ ನಿಲ್ಲಿಸಿದರು. ಬೇಗ ಹೊರತರಲೆಂದು ತಿರುಗಿಸಿದ ಆ ತಿರುವಿನಿಂದ ಶುಕ್ರವಾರ ಹೊರಬರಬೇಕಿದ್ದವರು ಶನಿವಾರ ಬರುವಂತಾಯಿತು. ಪ್ರಮೀಳಾಳ ರಕ್ತಸ್ರಾವ ಒಂದು ಗಂಟೆಯೊಳಗೆ ನಿಂತಿತ್ತು. ಅದನ್ನು ನಿಲ್ಲಿಸಿದ್ದು ಒಳಗಿದ್ದ ಡಾಕ್ಟರ ಎಡಗೈ.

ಶಾನಭಾಗರು ದಿನಚರಿ ಪುಸ್ತಕವನ್ನು ಸುಗಂಧಿಯ ಮುಂದಿಟ್ಟರು. ನಿವೃತ್ತಿಗೆ ಎರಡು ವರ್ಷ ಉಳಿದ, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ ಅವರು. ಕನ್ನಡಕ ತೆಗೆದು ಒರೆಸುತ್ತಾ ಬೇರೆ ಕಡೆ ನೋಡಿ ಹೇಳಿದರು.

"ರೆಗ್ಯುಲೇಟರಿನ ಬಾಯಲ್ಲಿ ಪುಡಿ ಸಿಕ್ಕಿತ್ತು ಅಂತ ಬರೆದ್ರೆ ಸುಳ್ಳೇನಲ್ಲಮ್ಮ. ಬಿಚ್ಚಿ ನೋಡಿದ್ರೆ ಪುಡಿ ಇದ್ದೇ ಇರುತ್ತೆ."

ಸುಗಂಧಿ ಪೆನ್ನು ಕೈಗೆತ್ತಿಕೊಂಡಳು. ಆ ಒಂದು ಸಾಲು ಬರೆದರೆ ನಾಳೆಯೂ ಈ ಕುರ್ಚಿ ತನ್ನದೇ. ತಂಗಿಯನ್ನು ಕೊನೆಯವರೆಗೆ ತಾನೇ ಇಳಿಸಬಹುದು. ಆದರೆ ಮುಂದೆ ಯಾರಾದರೂ ಈ ಪುಟ ಓದಿದರೆ ಪುಡಿಯನ್ನು ಹುಡುಕುತ್ತಾರೆ, ಕೈಯನ್ನು ಹುಡುಕುವುದಿಲ್ಲ. ಅವಳು ಬರೆದಳು: "ಮಂಗಳವಾರ ಮಧ್ಯಾಹ್ನ 3.40. ಒಬ್ಬಳೇ ಇದ್ದಾಗ ಹಿಡಿಯನ್ನು ಕಾಲು ಸುತ್ತು ಸಡಿಲಿಸಿದೆ. ಯಾರೂ ಹೇಳಿರಲಿಲ್ಲ. ಒಳಗಿದ್ದವಳು ನನ್ನ ತಂಗಿ. ಅವಳು ಬಸುರಿಯೆಂದು ನನಗೆ ಏಳು ದಿನದಿಂದ ಗೊತ್ತಿತ್ತು." ಕೆಳಗೆ ಸಹಿ ಹಾಕಿದಳು. ಶಾನಭಾಗರು ಓದಿ ನಿಟ್ಟುಸಿರಿಟ್ಟು ಅವಳ ಕೊರಳಿನ ಗುರುತಿನ ಚೀಟಿಗೆ ಕೈಚಾಚಿದರು.

ಆಮೇಲಿನ ನಾಲ್ಕು ದಿನ ಅವಳು ಕೇರಿಯ ಬೇಲಿಯ ಹೊರಗೆ, ಗಾಳಿಮರದಡಿಯ ಸಿಮೆಂಟು ಬೆಂಚಿನಲ್ಲಿ ಕಳೆದಳು. ಹಿಡಿ ಅವಳ ಕೈಯಲ್ಲಿದ್ದಾಗ ಪ್ರತಿ ಗಂಟೆಗೂ ಒಂದು ಕೆಲಸವಿತ್ತು. ಈಗ ಇರಲಿಲ್ಲ. ಐದು ನಿಮಿಷಕ್ಕೊಮ್ಮೆ ಏಳುತ್ತಿದ್ದಳು, ಗೇಟಿನವರೆಗೆ ಹೋಗುತ್ತಿದ್ದಳು, ಕಾವಲುಗಾರ ತಲೆಯಲ್ಲಾಡಿಸಿದರೆ ತಿರುಗಿ ಬರುತ್ತಿದ್ದಳು. ಈ ಹೊತ್ತಿಗೆ ಮುಳ್ಳು ಎಲ್ಲಿರಬಹುದೆಂದು ಲೆಕ್ಕ ಹಾಕುತ್ತಿದ್ದಳು. ಅವಳ ಬಲಗೈಯ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಗಾಳಿಯಲ್ಲಿ ತಿರುಗುತ್ತಿದ್ದವು. ಬುಧವಾರ ಮಧ್ಯಾಹ್ನ ಅಬ್ಬಿ ಬಂದು ಪಕ್ಕದಲ್ಲಿ ಕುಳಿತಳು.

"ಆ ಡಾಕ್ಟ್ರಮ್ಮಂಗೆ ಎಂತ ಆಯ್ತ್ ಅಂಬ್ರ್?" ಎಂದಳು ಅಬ್ಬಿ.

"ಭುಜ ಹೋಯ್ತ್. ಸರಿ ಆತ್ತಾ ಇಲ್ಯಾ ಗೊತ್ತಿಲ್ಲೆ."

"ನಾನ್ ನಿನ್ನತ್ರ ಹಂಗೆ ಕೇಂಬುಕಾಗ ಇದ್ದಿತ್ತ್."

"ನೀ ಕೇಂಡದ್ದಕ್ಕೆ ಅಲ್ಲ ಅಬ್ಬಿ. ನಾನೇ ತಿರ್ಗ್ಸದ್ದ್."

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತೆರೆಯಿತು. ಸ್ಟ್ರೆಚರಿನಲ್ಲಿ ಬಂದ ಪ್ರಮೀಳಾ ಬಿಸಿಲಿಗೆ ಕಣ್ಣು ಮುಚ್ಚಿಕೊಂಡಳು. ಅಕ್ಕನನ್ನು ಕಂಡು ಏನೋ ಹೇಳಹೋದವಳು ತನ್ನದೇ ದಪ್ಪ ಸ್ವರ ಕೇಳಿ ಬೆಚ್ಚಿದಳು. ಎಂಟು ತಿಂಗಳಿಂದ ಅವಳು ಅದನ್ನು ಕೇಳಿರಲಿಲ್ಲ. ಆಮೇಲೆ ಅಳತೊಡಗಿದಳು. ಸುಗಂಧಿ ಆಂಬುಲೆನ್ಸಿನವರೆಗೆ ಸ್ಟ್ರೆಚರು ಹಿಡಿದು ನಡೆದಳು. ಹಿಂದೆ ನಫೀಸಾ ಬಲಗೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ತೂಗುಹಾಕಿಕೊಂಡು ಬಂದರು. ಮಗಳು ಓಡಿಬಂದು ತಬ್ಬಿದಾಗ ಮುಖ ಹಿಂಡಿದರು. ಆದರೂ ಬಿಡಿಸಿಕೊಳ್ಳಲಿಲ್ಲ.

ವಿಚಾರಣೆ ನಡೆದದ್ದು ಮಾರ್ಚಿನಲ್ಲಿ. ಮೂವರು ಹಿರಿಯ ಅಧಿಕಾರಿಗಳು ಮೇಜಿನಾಚೆ ಕುಳಿತಿದ್ದರು. ಸಾಕ್ಷಿ ಹೇಳಲು ನಫೀಸಾರೂ ಬಂದಿದ್ದರು. ಜೋಡಿ ರೆಗ್ಯುಲೇಟರಿನ ಸ್ಪ್ರಿಂಗನ್ನು ಸಡಿಲ ಬಿಟ್ಟವರು ಯಾರು ಎಂಬುದರಿಂದ ಹಿಡಿದು ಎಲ್ಲವನ್ನೂ ಕೇಳಿದರು. ಸುಗಂಧಿ ತಡವರಿಸದೆ ಉತ್ತರಿಸಿದಳು. ತಪ್ಪು ಮಾಡಿದವಳೂ ಅವಳೇ, ಮೂರು ಜೀವ ಉಳಿಸಿದವಳೂ ಅವಳೇ ಎಂದು ಶಾನಭಾಗರು ಅವಳ ಪರವಾಗಿ ಹೇಳಿದರು. ವಿಚಾರಣೆಯ ಅಧ್ಯಕ್ಷರಿಗೆ ಆ ಮಾತು ಹಿಡಿಸಿದಂತಿತ್ತು. ಕಡತ ಮುಚ್ಚುವ ಮೊದಲು ಅವರು ಮೆದುವಾಗಿಯೇ ಕೇಳಿದರು.

"ನೋಡಿಯಮ್ಮ, ನಿಮಗೆ ಪಾಠ ಸಿಕ್ಕಿದೆ. ಅದೇ ಜಾಗದಲ್ಲಿ ನಿಮ್ಮನ್ನು ಮತ್ತೆ ಕೂರಿಸಿದರೆ, ಒಳಗೆ ನಿಮ್ಮ ತಂಗಿ ಹಾಗೆಯೇ ಮಲಗಿದ್ದರೆ, ಇನ್ನೊಮ್ಮೆ ಹೀಗೆ ಮಾಡುತ್ತೀರಾ?"

ಇಲ್ಲ ಎನ್ನುವುದು ಸುಲಭವಿತ್ತು. ಶಾನಭಾಗರು ಅವಳನ್ನೇ ನೋಡುತ್ತಿದ್ದರು, ಅವಳ ಪರವಾಗಿ ಆಗಲೇ ತಲೆಯಲ್ಲಾಡಿಸುವವರಂತೆ.

"ಮಾಡ್ತೇನೆ ಸರ್," ಎಂದಳು ಸುಗಂಧಿ. "ಹೇಗೆ ತಿರುಗಿಸಬೇಕು ಅಂತ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ತಿರುಗಿಸಿದೆ. ಅದಕ್ಕೇ ಹೇಳುವುದು, ಒಳಗೆ ನಮ್ಮವರಿದ್ದರೆ ನಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಬೇಡಿ. ನನ್ನನ್ನೂ, ಬೇರೆ ಯಾರನ್ನೂ."

ಅಧ್ಯಕ್ಷರು ಪೆನ್ನು ತೆಗೆದು ಅದನ್ನು ಬರೆದುಕೊಂಡರು.

ಹೊರಗೆ ವರಾಂಡದಲ್ಲಿ ಅಲೋಶಿಯಸ್ ಕಾದಿದ್ದ. ಒಳಗಿನ ಮಾತು ಅವನಿಗಾಗಲೇ ತಲುಪಿತ್ತು.

"ನನ್ನ ತಮ್ಮ ಕೇರಿಯೊಳಗಿದ್ದಾನೆ," ಎಂದ. "ಇನ್ನು ನನಗೂ ಆ ಕುರ್ಚಿ ಇಲ್ಲ. ಗೊತ್ತುಂಟಲ್ಲ ನಿಂಗೆ?"

"ಗೊತ್ತು."

ಅವನು ಮೆಟ್ಟಿಲಿಳಿದು ಹೋದ. ಹನ್ನೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದವನು ತಿರುಗಿಯೂ ನೋಡಲಿಲ್ಲ.

ನಫೀಸಾ ಬಾಗಿಲು ತಳ್ಳಿಕೊಂಡು ಹೊರಬಂದರು. ಕೈಯಲ್ಲಿದ್ದ ಕಪ್ಪು ಚೀಲವನ್ನು ಎಡ ಭುಜಕ್ಕೆ ಏರಿಸಿಕೊಳ್ಳಲು ಹೋದರು, ಬಲಗೈ ಮೇಲೇಳದೆ ಅದು ಜಾರಿತು. ಸುಗಂಧಿ ಎರಡು ಹೆಜ್ಜೆ ಮುಂದೆ ಬಂದು ನಿಂತಳು.

"ಡಾಕ್ಟ್ರೇ, ನಾನು..."

"ಬೇಡ," ಎಂದರು ನಫೀಸಾ. "ಈಗ ಕೇಳ್ಲಿಕ್ಕೆ ನಂಗೂ ಆಗುದಿಲ್ಲ." ಸ್ವಲ್ಪ ಹೊತ್ತು ಬಿಸಿಲಿನ ರಸ್ತೆಯನ್ನು ನೋಡಿದರು. ಆಮೇಲೆ ಚೀಲವನ್ನು ಅವಳ ಕಡೆ ಚಾಚಿದರು. "ಬಸ್ ಸ್ಟ್ಯಾಂಡ್ ತನಕ ಇದನ್ನು ಹಿಡ್ಕೊಳ್ಳಿ."

ಸುಗಂಧಿ ಚೀಲವನ್ನು ತೆಗೆದುಕೊಂಡಳು. ಅದು ಅವಳೆಣಿಸಿದ್ದಕ್ಕಿಂತ ಭಾರವಾಗಿತ್ತು. ಇಬ್ಬರೂ ನಡೆಯತೊಡಗಿದರು. ನಫೀಸಾ ದಾಪುಗಾಲು ಹಾಕುವವರು. ಅವರಿಗೆ ಹೆಜ್ಜೆ ಹೊಂದಿಸಲು ಸುಗಂಧಿ ಸ್ವಲ್ಪ ಬಿರುಸಾಗಿ ನಡೆಯಬೇಕಾಯಿತು.